ಸೊಪ್ಪಿಗೆ ಹೋದ ರಾಯಭಾರ

ನನ್ನ ಭಾವ ರಾಮಾಂಜಿನಪ್ಪನವರು ಚಿಂತಾಮಣಿಯ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದವರು. ನಿವೃತ್ತರಾಗಿ ಕೆಂಚಾರ್ಲಹಳ್ಳಿಗೆ ಬಂದಾಗ ಎರಡು ಪೆಟ್ಟಿಗೆ ತಂದರು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಗ್ರೀಸ್ ಮತ್ತು ಚೀನಾ.

ಚೀನಾದ ಯುದ್ಧ ಮುಗಿದ ಮಾರನೆಯ ವರ್ಷ ಅದು. ಶನಿವಾರ ಆಂಜನೇಯನ ಗುಡಿಯಲ್ಲಿ ಭಜನೆ ಮುಗಿದ ಮೇಲೆ ಭಾವನವರು ದೇಶದೇಶಗಳ ಸಂಬಂಧದ ಬಗ್ಗೆ ಮಾತಾಡುತ್ತಿದ್ದರು. ಪ್ರಸಾದ ಆಮೇಲೆ. ಆ ಏರ್ಪಾಟು ಅವರದೇ, ಹಾಗಾಗಿ ಯಾರೂ ಏಳುತ್ತಿರಲಿಲ್ಲ. ನಾನು ಕಂಬದ ಪಕ್ಕ ಕೂತು ಬತ್ತಿ ಹೊಸೆಯುತ್ತ ಕೇಳುತ್ತಿದ್ದೆ. ಮಕ್ಕಳ ಪುಸ್ತಕದಲ್ಲಿ ಅಕ್ಷರ ಕಲಿತವಳು ನಾನು. ಅಥೆನ್ಸ್ ಎಂದರೆ ಗೌರಿಬಿದನೂರಿನ ಆಚೆ ಎಲ್ಲೋ ಇರಬೇಕೆಂದು ಇಟ್ಟುಕೊಂಡಿದ್ದೆ.

ಅಥೆನ್ಸ್ ಪಟ್ಟಣ ಬೆಳೆಯಿತಂತೆ. ಅದನ್ನು ಕಂಡು ಸ್ಪಾರ್ಟಾ ಹೆದರಿತಂತೆ. ಹೆದರಿಕೆಯಿಂದಲೇ ಯುದ್ಧವಾಯಿತಂತೆ. ಆ ಯುದ್ಧದಲ್ಲಿ ಒಂದು ಪುಟ್ಟ ದ್ವೀಪದವರು ಅಥೆನ್ಸಿನ ಮುಂದೆ ನ್ಯಾಯ ಕೇಳಿದರು. ನ್ಯಾಯದ ಮಾತೆಲ್ಲ ಸರಿಸಮಾನರ ನಡುವೆ ಎಂದು ಹೇಳಿ ಅವರನ್ನು ಮುಗಿಸಿಬಿಟ್ಟರು. ಚೀನಾದಲ್ಲೂ ಆ ಕಾಲದಲ್ಲಿ ರಾಜ್ಯ ರಾಜ್ಯ ಹೊಡೆದಾಡುತ್ತಿದ್ದವು. ರಾಜ ಮರ್ಯಾದೆಯಿಂದ ನಡೆದರೆ ನೆರೆಯವರು ತಾವಾಗಿ ಬರುತ್ತಾರೆ ಎಂದು ಅಲ್ಲಿನ ಕೆಲವು ಪಂಡಿತರು; ಕಣಜವೂ ಸೈನ್ಯವೂ ತುಂಬಿದ್ದರೆ ಸಾಕು ಎಂದು ಇನ್ನು ಕೆಲವರು. ಈಗಲೂ ಹೊರದೇಶದ ವಿದ್ವಾಂಸರು ದೇಶಗಳ ನಡವಳಿಕೆಗೆ ಶಾಸ್ತ್ರ ಕಟ್ಟುವಾಗ ಈ ಹಳಬರ ಹತ್ತಿರವೇ ಹೋಗುತ್ತಾರಂತೆ.

"ಮರ್ಯಾದೆ ಅಂದೋರು ಹೋದ್ ವರ್ಷ ಯಾಕ್ ಹಂಗ್ ಹೊಡುದ್ರು ಮೇಷ್ಟ್ರೇ?" ಎಂದು ತಾಳ ಹಾಕುವ ನರಸಪ್ಪ ಕೇಳಿದ.

"ಎರಡನೇ ಪಂಡಿತರ ಮಾತು ಕೇಳಿದ್ರು ಕಣಪ್ಪ."

ನಮ್ಮ ಹಿಪ್ಪುನೇರಳೆ ತೋಟದ ಪಕ್ಕದ್ದು ವೆಂಕಟರವಣಪ್ಪನ ತೋಟ. ಆತ ಬಾವಿಗೆ ಪಂಪ್‌ಸೆಟ್ಟು ಹಾಕಿಸಿದ. ನಮ್ಮ ನೀರೆಲ್ಲ ಹೋಯಿತೆಂದು ಹೆದರಿ ಭಾವನವರು ನಮ್ಮ ಬಾವಿ ಆಳ ಮಾಡಿಸಿದರು. ಅದನ್ನು ಕಂಡು ಆತ ಹೆದರಿ ತನ್ನದನ್ನು ಇನ್ನೂ ಆಳ ಮಾಡಿಸಿದ. ನಾವು ಬಂಡೆಗೆ ಮದ್ದಿಟ್ಟೆವು. ಆತನೂ ಇಟ್ಟ.

"ಭಾವ, ಇದು ಆ ಸ್ಪಾರ್ಟಾದ ಕಥೆ ಇದ್ದಂಗೈತಲ್ಲ?" ಎಂದೆ.

"ಅದು ಬೇರೆ ಕಣಮ್ಮ. ಅವರದು ಸಮುದ್ರ, ನಮ್ಮದು ಬಾವಿ."

ಇಂಥ ವಿದ್ವತ್ತಿನ ಉತ್ತರಕ್ಕೆ ನಾನು ತಲೆಯಾಡಿಸಿ, ಮದ್ದಿನವರಿಗೆ ಮುದ್ದೆ ತಿರುವಲು ಹೋದೆ. ಕೊನೆಗೆ ಆತನ ಬಾವಿಯಲ್ಲಿ ನೀರು ನಿಂತಿತು, ನಮ್ಮದರಲ್ಲಿ ಬಂಡೆ ನಿಂತಿತು. ಎರಡು ಮನೆಗಳ ನಡುವೆ ಮಾತೂ ನಿಂತಿತು.

ಬೇಸಿಗೆಗೆ ನಮ್ಮ ತೋಟ ಒಣಗಿತು. ಮನೆಯ ತಟ್ಟೆಗಳಲ್ಲಿ ರೇಷ್ಮೆಹುಳು ಆಗತಾನೆ ನಾಲ್ಕನೇ ಜ್ವರ ಮುಗಿಸಿ ಎದ್ದಿತ್ತು. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದಮೇಲೆ ಅದರ ಹಸಿವನ್ನು ದೇವರೇ ತೀರಿಸಬೇಕು. ಹಾಕಿದ ಸೊಪ್ಪು ಮುಗಿಸಿ ತಲೆಯೆತ್ತಿ ಕಾಯುತ್ತಿದ್ದವು. ನಾಳೆಗೆ ಸೊಪ್ಪಿಲ್ಲದಿದ್ದರೆ ಬೆಳೆಯೆಲ್ಲ ತಟ್ಟೆಯಲ್ಲೇ ಸಾಯುತ್ತಿತ್ತು. ಸುತ್ತ ಹಸಿರಾಗಿದ್ದುದು ವೆಂಕಟರವಣಪ್ಪನ ತೋಟ ಒಂದೇ.

ಭಾವನವರು ಜಗಲಿಯ ಮೇಲೆ ಬಹಳ ಹೊತ್ತು ಓಡಾಡಿದರು. "ನ್ಯಾಯ ಕೇಳಬಾರದು. ದ್ವೀಪದೋರು ಅದರಿಂದಲೇ ಕೆಟ್ಟರು. ಅವನಿಗೆ ಇದರಿಂದ ಏನು ಹಿತ ಅಂತ ಹೇಳಬೇಕು. ಒಳಗೆ ಕೂತು, ಗುಟ್ಟಾಗಿ."

"ಮೊದಲು ಮರ್ಯಾದೆ ಅಂದ್ರಲ್ಲ ಚೀನಾದೋರು?" ಎಂದು ನಾನು ತಟ್ಟೆಯಲ್ಲಿ ಎಲೆಅಡಿಕೆ, ಬಾಳೆಹಣ್ಣು ಇಟ್ಟುಕೊಂಡೆ. ಗ್ರೀಸ್ ಮುಂದೆ, ಚೀನಾ ಹಿಂದೆ, ಹೊರಟೆವು.

ಹೋಗಿ ನೋಡಿದರೆ ಅವರ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅವರ ಹುಳು ಮೂರನೇ ಜ್ವರಕ್ಕೆ ಕೂತಿತ್ತು. ಅಂಥ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಹುಳು ಸಾಕುವ ಮನೆಗಳಲ್ಲೇ ಹುಟ್ಟಿ ಬೆಳೆದ ನಮಗಿಬ್ಬರಿಗೂ, ಅಷ್ಟೊಂದು ತಂತ್ರ ಹೆಣೆಯುವಾಗ, ಇದು ಹೊಳೆದಿರಲಿಲ್ಲ. ಗುಟ್ಟಿನ ರಾಯಭಾರವನ್ನು ಬೀದಿಯಲ್ಲಿ ನಿಂತು ಕೂಗಬೇಕಾಯಿತು.

"ವೆಂಕಟರವಣಪ್ಪಾ! ನಮ್ಮ ಉಭಯತರ ಹಿತವನ್ನು ಮನಸ್ಸಿನಲ್ಲಿಟ್ಟುಕೊಂಡು..."

"ಏಮಿ ಮೇಷ್ಟ್ರೇ? ಕೇಳುಸ್ತಿಲ್ಲ!" ಎಂದು ಒಳಗಿನಿಂದ ಆತ ಕೂಗಿದ.

"ಹಿತ! ಹಿತ ಅಂದೆ!"

ಎದುರುಮನೆಯ ಓಬಳಮ್ಮ ಹೊರಗೆ ಬಂದಳು. "ಇವತ್ತು ಶನಿವಾರ ಅಲ್ವಲ್ಲಾ ಮೇಷ್ಟ್ರೇ? ಪ್ರಸಾದ ಏನಾರಾ ತಂದಿದ್ದೀರಾ?"

ಭಾವನವರ ಮುಖ ಸಣ್ಣಗಾಯಿತು. ಮೇಷ್ಟ್ರ ಕನ್ನಡವನ್ನೇ ಬಿಟ್ಟರು. "ಸೊಪ್ಪಿಲ್ಲ ಕಣಪ್ಪೋ. ಹುಳ ಸಾಯ್ತವೆ."

ಕಿಟಕಿಯಲ್ಲಿ ವೆಂಕಟರವಣಪ್ಪನ ಹೆಂಡತಿ ಕದಿರಮ್ಮ ಕಾಣಿಸಿಕೊಂಡಳು. "ಹಂಗ್ ಹೇಳಿ ಮತ್ತೆ! ನಮ್ಮವಕ್ಕೆ ಜ್ವರ, ನಾಳೆಗಂಟ ಒಂದೆಲೆ ಮುಟ್ಟಲ್ಲ. ಹೋಗಿ ಕೊಯ್ಕಳ್ಳಿ. ಅಕ್ಕಯ್ಯಾ, ನಿಮ್ಮವು ಗೂಡು ಕಟ್ಟಿ ಬಿಡ್ಸುದ್ ಮೇಲೆ ಚಂದ್ರಿಕೆ ಇತ್ತಾಗ್ ಕಳ್ಸು, ನಮ್ಗೆ ಸಾಲವು."

ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಅದು ನಮ್ಮಲ್ಲಿ ಬೇಕಾದಷ್ಟಿತ್ತು. ಭಾವನವರ ಪೆಟ್ಟಿಗೆಯ ವಿದ್ಯೆಯಲ್ಲಿ ಅದರ ಹೆಸರು ಬಂದಿರಲಿಲ್ಲ.

"ಬಾವಿ ಮಾತ್ರ ಇನ್ನ ತೋಡ್ಬೇಡಿ ಮೇಷ್ಟ್ರೇ," ಎಂದು ವೆಂಕಟರವಣಪ್ಪನ ದನಿ ಬಂತು. "ನಿಮ್ಮನ್ ನೋಡಿ ನೋಡಿ ತೋಡಿ ನಂಗೂ ಸಾಕಾಗೈತೆ."

"ನೀನು ನಿಲ್ಲಿಸ್ಲಿ ಅಂತ ನಾನು ಕಾಯ್ತಿದ್ದೆ ಕಣೋ!"

ಆ ಸಂಜೆ ಸೊಪ್ಪಿನ ಹೊರೆ ಬಂತು. ಹುಳು ಉಳಿದವು. ಅವರ ಜಗಲಿಯ ಮೇಲೆ ನಾನು ಇಟ್ಟು ಬಂದ ಎಲೆಅಡಿಕೆಯ ಚೀನಾವನ್ನು ಮಾತ್ರ ಓಬಳಮ್ಮನ ಮೇಕೆ ತಿಂದಿತು.

ಮುಂದಿನ ಶನಿವಾರ ವೆಂಕಟರವಣಪ್ಪ ಮೊದಲ ಸಲ ಗುಡಿಗೆ ಬಂದು ಹಿಂದೆ ಕೂತ. ಭಾವನವರು ದ್ವೀಪದ ಕಥೆ ಹೇಳಿ ಮುಗಿಸಿದಾಗ ಎದ್ದು ನಿಂತು, ನಿಜವಾಗಿಯೂ ಮರುಗಿ ಹೇಳಿದ:

"ಪಾಪ, ಆವತ್ತು ಅಥೆನ್ಸಿನೋರ ಹುಳಕ್ಕೆ ಜ್ವರ ಬಂದಿರ್ಲಿಲ್ಲ ಅನ್ಸುತ್ತೆ ಮೇಷ್ಟ್ರೇ."

ಭಾವನವರು ಪುಸ್ತಕ ಮುಚ್ಚಿದರು. "ಪ್ರಸಾದ ಹಂಚಮ್ಮ," ಎಂದರು.