ಮೂರನೆಯ ಕಾಲಮ್ಮಿನ ಮಹಾಂತಯ್ಯ

ಬೆಳಗಿನ ಐದೂವರೆ. ಉಣಕಲ್ಲಿನ ಓಣಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಮಹಾಂತಯ್ಯ ಹಿರೇಮಠರು ಆಗಲೇ ವಿಭೂತಿ ಹಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಔಷಧ ಸಿಂಪಡಿಸುವ ಪಂಪಿನ ಇಂಗ್ಲಿಷ್ ಕೈಪಿಡಿ. ಅದನ್ನು ಕನ್ನಡಕ್ಕೆ ತರುವುದು ಅವರ ಕಸುಬು. ಪಂಪು ಕೊಂಡ ಯಾವ ರೈತನಿಗೂ ಇವರು ಗೊತ್ತಿಲ್ಲ. ಕೈಪಿಡಿಯಲ್ಲಿ ಇವರ ಹೆಸರು ಅಚ್ಚಾಗುವುದೂ ಇಲ್ಲ.

ನಿಘಂಟಿನ ಶಬ್ದ ಇವರಿಗೆ ಒಗ್ಗುವುದಿಲ್ಲ. ಹೊಲಕ್ಕೋ ಗ್ಯಾರೇಜಿಗೋ ಹೋಗಿ, ಬಿಡಿಭಾಗ ತೋರಿಸಿ, ‘ಇದಕ್ಕ ನೀವು ಏನಂತೀರಿ?’ ಎಂದು ಕೇಳುತ್ತಾರೆ. ಹಳೆಯ ಲಗ್ನಪತ್ರಿಕೆಯ ಬೆನ್ನಿಗೆ ಇಂಗ್ಲಿಷ್ ಶಬ್ದ, ಕನ್ನಡ ಶಬ್ದ, ಹೇಳಿದವರ ಹೆಸರು ಬರೆದುಕೊಳ್ಳುತ್ತಾರೆ. ಹೀಗೆ ತಿರುಗಾಡಿದ ದಿನ ಆರೋ ಏಳೋ. ಹದಿನಾರು ವರ್ಷದಿಂದ ಇದೇ ನಡೆದಿದೆ.

೧೯೯೮ರಲ್ಲಿ ಪದಕೋಶದ ಸಾಫ್ಟ್‌ವೇರ್ ಒಂದನ್ನು ಕೊಂಡು ನಾಲ್ಕು ಸಾವಿರ ಶಬ್ದ ತುಂಬಿದರು. ಯಂತ್ರವನ್ನು ನಂಬಿ ಚೀಟಿಗಳನ್ನೆಲ್ಲ ರದ್ದಿಗೆ ಹಾಕಿದರು, ಪುಣ್ಯಾತ್ಮರು. ಮೂರು ವರ್ಷಕ್ಕೆ ಕಂಪ್ಯೂಟರ್ ಕೆಟ್ಟಿತು. ಪ್ರತಿ ಮಾಡಿಟ್ಟಿದ್ದ ಕಡತವನ್ನು ಹೊಸದರಲ್ಲಿ ತೆರೆದರೆ ಕನ್ನಡವೇ ಇಲ್ಲ, ಸಾಲು ಸಾಲು ಚೌಕಗಳು. ಸಾಫ್ಟ್‌ವೇರ್ ಮಾಡಿದವರು ಬಾಗಿಲು ಹಾಕಿಕೊಂಡು ಹೋಗಿದ್ದರು.

‘ಖರೇ ಹೇಳ್ತೇನ್ರಿ, ಅತ್ತಬಿಟ್ಟೆ. ಶಬ್ದ ಮತ್ತ ಕೇಳಬಹುದು. ಯಾರು ಹೇಳಿದ್ರು ಅನ್ನೂದು ಅರ್ಧಾ ಮರ್ತ ಹೋಗಿತ್ತು.’

ಮರುವರ್ಷ ಉಪ್ಪಿನಬೆಟಗೇರಿಯ ಹೊಲಗಳಿಂದ ಮತ್ತೆ ಶುರು ಮಾಡಿ ಎರಡು ಸಾವಿರದ ಎಂಟುನೂರು ಚೀಟಿ ಕೂಡಿಸಿದ್ದಾರೆ. ಈಗ, ೨೦೦೬ರಲ್ಲಿ, ಅವಕ್ಕೊಂದು ಸಾಫ್ಟ್‌ವೇರಿನ ಹುಡುಕಾಟ. ಮತ್ತೊಮ್ಮೆ ಕಳೆದರೆ ತಿರುಗಾಡುವ ವಯಸ್ಸಲ್ಲ.

‘ಮೂರು ತಿಂಗಳಾತ್ರಿ, ಮಗಳಿಗೆ ವರಾ ನೋಡಿದಂಗ ನೋಡಾಕತ್ತಾರ,’ ಎಂದು ಹೆಂಡತಿ ಈರವ್ವ ಚಹಾ ಇಡುತ್ತ ನಗುತ್ತಾರೆ.

ಪರೀಕ್ಷೆ ಒಂದೇ. ಹತ್ತು ಶಬ್ದ ತುಂಬಿ, ಸಿ.ಡಿ.ಗೆ ಹಾಕಿ, ಗೌಸಸಾಬರ ಇಂಟರ್‌ನೆಟ್ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯಬೇಕು. ‘ಶಬ್ದ ಒಳಗ ಹಾಕೂದು ಮಾರಾವ್ರು ಎಲ್ಲಾರೂ ತೋರಸ್ತಾರ. ಹೊರಗ ತಗದ ತೋರಸ್ರಿ ಅಂದ್ರ ಸುಮ್ನಾಗ್ತಾರ,’ ಎನ್ನುತ್ತಾರೆ ಮಹಾಂತಯ್ಯ. ಮೊದಲನೆಯದು ಮತ್ತೆ ಚೌಕಗಳನ್ನೇ ತೋರಿಸಿತು. ಎರಡನೆಯದಕ್ಕೆ ಬಣ್ಣ ಬೆಡಗು ಬಹಳ, ಆದರೆ ಹೇಳಿದವರ ಹೆಸರಿಗೆ ಜಾಗವಿಲ್ಲ. ಮೂರನೆಯದು ಪುಕ್ಕಟೆಯದು, ನೋಡಲು ಬಡಪಾಯಿ. ಬರೀ ಮೂರು ಕಾಲಮ್ಮಿನ ಪಟ್ಟಿ, ಮೂರನೆಯದು ಹೇಳಿದವರ ಹೆಸರಿಗೆ.

ಹತ್ತು ಗಂಟೆಗೆ ಗೌಸಸಾಬರ ಅಂಗಡಿಯಲ್ಲಿ ಅದನ್ನು ತೆರೆಯುತ್ತಾರೆ. ಜೊತೆಗೆ ಹೋದ ನಾನೂ ಪರದೆಯತ್ತ ಬಗ್ಗುತ್ತೇನೆ. ಅಕ್ಷರಗಳು ಅಕ್ಷರಗಳಾಗಿಯೇ ಮೂಡುತ್ತವೆ. ಗೌಸಸಾಬರು ಒಂದು ಸಾಲು ಓದುತ್ತಾರೆ: ‘ನಾಝಲ್. ಮೂತಿ. ದುರಗವ್ವ, ಉಪ್ಪಿನಬೆಟಗೇರಿ. ಯಾರ್ರೀ ಈ ದುರಗವ್ವ?’

ಮಹಾಂತಯ್ಯ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ‘ಹತ್ತಿ ಹೊಲದಾಗ ಪಂಪ್ ಹೊರ್ತಿದ್ಲು. ತೀರಿಕೊಂಡು ಎರಡ ವರ್ಷಾತ್ರಿ. ನೀವು ಆಕಿ ಹೆಸರು ಹಿಡದು ಕೇಳಿದ್ರಲ್ಲಾ, ನನಗಷ್ಟ ಸಾಕು.’