ಬಿರುಗಾಳಿ ಹಿಡಿದು ವಯಸ್ಸು ಎಣಿಸುವಾಕೆ

ಬೆಳಗಿನ ಐದೂಮುಕ್ಕಾಲು. ಒಕೋವಾ ಬೆಟ್ಟದ ಬುಡದಲ್ಲಿ, ಟಾರು ಮುಗಿದು ಕೆಸರು ಶುರುವಾಗುವ ಜಾಗದಲ್ಲಿ, ಲಿಬ್ರಾದಾ ಎನ್ಕಾರ್ನಾಸಿಯೋನ್ ಕಲ್ಲಿನ ಮೇಲೆ ಕೂತು ರಬ್ಬರ್ ಬೂಟು ಹಾಕಿಕೊಳ್ಳುತ್ತಿದ್ದಾರೆ. ವಯಸ್ಸು ಐವತ್ತೆಂಟು. ಪಕ್ಕದಲ್ಲಿ ಜಿಪ್ಪು ಕೆಟ್ಟ ಚೀಲ. ಅದರೊಳಗೆ ಗೆರೆ ಹಾಕಿದ ನೋಟ್‌ಬುಕ್ಕು, ಎರಡು ಪೆನ್ನು, ಮಧ್ಯಾಹ್ನಕ್ಕೆಂದು ಬೇಯಿಸಿ ತಂದ ಬಾಳೆಕಾಯಿ. ಕಣ್ಣು ಮಾತ್ರ ಮೇಲಿನ ಕಾಲುದಾರಿಯ ಕಡೆಗೇ ಇದೆ. ಅಲ್ಲಿಂದ ಇವತ್ತು ಇಬ್ಬರು ಹೆಂಗಸರು ಇಳಿದು ಬರಬೇಕು. ಬಂದರೆ ಎರಿನ್ಸನ್ ಎಂಬ ಹುಡುಗನ ನಿಜವಾದ ಹುಟ್ಟಿದ ದಿನ ಒಂಬತ್ತು ಗಂಟೆಗೆ ನ್ಯಾಯಾಲಯದ ಕಾಗದಕ್ಕೆ ಏರುತ್ತದೆ. ಬಾರದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಆಮೇಲೆ ಯಾವ ಬೇಸ್‌ಬಾಲ್ ಕ್ಲಬ್ಬೂ ಆ ಹುಡುಗನನ್ನು ಮುಟ್ಟುವುದಿಲ್ಲ.

"ಬರ್ತಾರೆ ಅಂತೀಯಾ?" ಎಂದು ಕೇಳುತ್ತಾನೆ ತಮ್ಮ ರದಾಮೆಸ್, ಮೋಟಾರ್‌ಸೈಕಲ್ಲಿನ ಚಕ್ರಕ್ಕೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಾ.

"ಬರ್ದಿದ್ರೆ ನಾನೇ ಹತ್ತಿ ಹೋಗ್ತೀನಿ."

"ಹೋಗಿ? ಎಂಬತ್ತೆಂಟು ವರ್ಷದ ಮುದುಕೀನ ಚೀಲದಲ್ಲಿ ಹಾಕ್ಕೊಂಡು ಬರ್ತೀಯಾ? ಅದರ ಜಿಪ್ಪೂ ಕೆಟ್ಟಿದೆ."

"ಬಾಯ್ ಮುಚ್ಕೊಂಡು ಟೈರ್ ನೋಡು."

ಸಮುದ್ರದಾಚೆ ಉತ್ತರದ ದೇಶದ ದೊಡ್ಡ ಬೇಸ್‌ಬಾಲ್ ಕ್ಲಬ್ಬುಗಳು ನಮ್ಮ ಹುಡುಗರನ್ನು ಕೊಳ್ಳುವ ದಿನ ಜನವರಿ ಹದಿನೈದು. ಕೊಳ್ಳುವ ಎಂದು ಬರೆದದ್ದಕ್ಕೆ ನನ್ನ ಪತ್ರಿಕೆಯ ಸಂಪಾದಕರು ಮುಖ ಗಂಟು ಹಾಕಬಹುದು, ಆದರೆ ನನಗೆ ಬೇರೆ ಪದ ತೋಚುತ್ತಿಲ್ಲ. ಹೊರದೇಶದ ಹುಡುಗರಿಗೆ ಒಂದು ಕ್ಲಬ್ಬು ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿಯಿದೆ. ನಮ್ಮೂರು ಬಾನಿಯ ಮೈದಾನಗಳಲ್ಲಿ ನಾವು ಅದನ್ನು ಮಡಕೆ ಎನ್ನುತ್ತೇವೆ. ಮಡಕೆ ಬರಿದಾದ ಮೇಲೆ ಮಾಲೀಕ ಎಂಥ ಸಿರಿವಂತನಾದರೂ ಒಬ್ಬ ಹುಡುಗನಿಗೆ ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಕೊಡುವಂತಿಲ್ಲ. ಅದಕ್ಕೇ ಕ್ಲಬ್ಬಿನವರು ಹುಡುಗರಿಗೆ ಹದಿಮೂರೋ ಹದಿನಾಲ್ಕೋ ಇರುವಾಗಲೇ ಬಂದು ಬಾಯಿಮಾತು ಕೊಟ್ಟು, ಮುಂದಿನ ವರ್ಷಗಳ ಮಡಕೆಯನ್ನು ಈಗಲೇ ಹಂಚಿಬಿಡುತ್ತಾರೆ. ಸಹಿ ಹಾಕುವ ದಿನ ಹದಿನಾರು ತುಂಬಿರಬೇಕು. ಹದಿನಾರರವನಿಗೆ ಸಿಗುವುದು ಹದಿನೆಂಟರವನಿಗೆ ಸಿಗುವುದಿಲ್ಲ. ಹಾಗಾಗಿ ಉಳಿದ ಲೋಕದಲ್ಲಿ ಏರುತ್ತಲೇ ಹೋಗುವ ವಯಸ್ಸು ನಮ್ಮ ಸೀಮೆಯಲ್ಲಿ ಆಗಾಗ ಇಳಿಯುತ್ತದೆ.

ಹೀಗೆ ಇಳಿದ ವಯಸ್ಸನ್ನು ಹಿಡಿದು ತಂದು ಅದರ ಜಾಗದಲ್ಲಿ ಕೂರಿಸುವುದು ಲಿಬ್ರಾದಾ ಅವರ ಕೆಲಸ. ಕ್ಲಬ್ಬಿನವರು ಹುಡುಗನ ಹೆಸರು, ಊರು ಕೊಡುತ್ತಾರೆ. ಇವರು ಹೋಗಿ ನಿಜ ತಿಳಿದು ಬರೆದುಕೊಡುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಆರುನೂರ ಹದಿನೇಳು ಫೈಲು. ಒಂದೊಂದು ಫೈಲಿಗೂ ಕಡಿಮೆಯೆಂದರೆ ಐದು ಬಾಗಿಲು ತಟ್ಟುತ್ತಾರೆ: ಶಾಲೆ, ಚರ್ಚು, ಆಸ್ಪತ್ರೆ, ಸೂಲಗಿತ್ತಿಯ ಮನೆ, ಆಮೇಲೆ ಆ ಕುಟುಂಬದ ಜೊತೆ ಜಗಳವಾಡಿಕೊಂಡಿರುವ ಒಂದು ನೆರೆಮನೆ. "ಜಗಳದ ಮನೆ ಬೇಕೇ ಬೇಕು" ಎನ್ನುತ್ತಾರೆ. "ಬೇಕಾದವರು ಮರ್ತುಬಿಡ್ತಾರೆ. ಬೇಡವಾದವರು ತಾರೀಖು, ವಾರ, ಆವತ್ತು ಉಟ್ಟಿದ್ದ ಬಟ್ಟೆ ಎಲ್ಲಾ ಹೇಳ್ತಾರೆ."

ಅವರು ಯಾರನ್ನೂ ತಾರೀಖು ಕೇಳುವುದಿಲ್ಲ. ತಾರೀಖನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿಕೊಳ್ಳಬಹುದು. ಅವರು ಕೇಳುವುದು ಗಾಳಿಯ ಮಾತು. ನಮ್ಮ ದ್ವೀಪದಲ್ಲಿ ಬಿರುಗಾಳಿಗೆ ಹೆಸರಿದೆ, ಆ ಹೆಸರನ್ನು ಯಾರೂ ಮರೆಯುವುದಿಲ್ಲ. "ಜಾರ್ಜಸ್ ಬಂದಾಗ ನಿನ್ನ ಮಗ ಹೊಟ್ಟೇಲಿದ್ನಾ, ತೊಡೆ ಮೇಲಿದ್ನಾ ಅಂತ ಕೇಳ್ತೀನಿ. ಮಗು ಹೊತ್ಕೊಂಡು ಓಡಿದ ತಾಯಿ ಸುಳ್ಳು ಹೇಳೋಕ್ಕಾಗಲ್ಲ. ಭಾರ ಜ್ಞಾಪಕ ಇರುತ್ತೆ."

ಇನ್ನೊಂದು ಪದ್ಧತಿಯಿದೆ, ಅದರಿಂದ ಅವರಿಗೆ ಊರೂರಲ್ಲಿ ಕೆಟ್ಟ ಹೆಸರು. ಹುಡುಗನ ಮನೆಯಲ್ಲಿ ಅವರು ಕಾಫಿ ಕುಡಿಯುವುದಿಲ್ಲ. ಬೆಟ್ಟದ ಮೇಲೆ ಬಂದವರಿಗೆ ಕಾಫಿ ಕೊಡದವರಿಲ್ಲ, ಕೊಟ್ಟ ಕಾಫಿ ಬೇಡವೆಂದವರಿಗೆ ಮರ್ಯಾದೆಯಿಲ್ಲ. ಒಬ್ಬ ಅಜ್ಜ, ದೊಡ್ಡ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತಿನಲ್ಲೇ, ಕೇಳಿಯೇಬಿಟ್ಟಿದ್ದನಂತೆ, "ದೋನ್ಯಾ, ವಿಷ ಹಾಕಿದೀನಿ ಅಂದ್ಕೊಂಡ್ರಾ?" ಎಂದು. ಇವರು ಹೇಳಿದ್ದು ಇಷ್ಟೇ: "ಇಲ್ಲಪ್ಪಾ, ಸಕ್ಕರೆ ಹಾಕಿರ್ತೀಯಲ್ಲ, ಅದಕ್ಕೇ ಹೆದರ್ಕೊಳ್ತೀನಿ, ಋಣ ಬಿದ್ರೆ ಕಹಿ ಬರೆಯೋಕಾಗಲ್ಲ. ಫೈಲು ಮುಗೀಲಿ." ಫೈಲು ಮುಗಿದ ಮೇಲೆ ಯಾರೂ ಕರೆಯುವುದಿಲ್ಲ, ಅದು ಬೇರೆ ಮಾತು.

ಈ ಹಟ ಎಲ್ಲಿಂದ ಬಂತು ಎಂದು ಅವರನ್ನು ಕೇಳಬೇಕಾಗಿಲ್ಲ. ಮೋಟಾರ್‌ಸೈಕಲ್ ಒರೆಸುತ್ತಿರುವವನನ್ನು ನೋಡಿದರೆ ಸಾಕು. ರದಾಮೆಸ್ ಮತ್ತು ನಾನು ಬಾನಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹತ್ತೊಂಬತ್ತು ದಾಟಿದ ಮೇಲೆ ಅವನು ಹದಿನಾರರ ಸೋದರಸಂಬಂಧಿಯ ಕಾಗದ ಹಿಡಿದು ಸಹಿ ಹಾಕಿದ. ಕಾಗದ ತಂದುಕೊಟ್ಟದ್ದು ಅವರಪ್ಪ, ಬೀದಿಯವರಿಗೆಲ್ಲ ಗೊತ್ತಿತ್ತು, ನಾವೂ ಹೋಗಿ ಹಂದಿಮಾಂಸ ತಿಂದು ಕುಣಿದು ಬಂದೆವು. ಮೂರನೇ ವರ್ಷ ವೀಸಾ ಕಚೇರಿಯಲ್ಲಿ ಸಿಕ್ಕಿಬಿದ್ದು ಮನೆಗೆ ಬಂದ. "ಮೂರು ವರ್ಷ ಬೇರೆಯವನ ಹೆಸರಿಗೆ ಓ ಅಂದಿದೀನಿ. ವಾಪಸ್ ಬಂದ್ಮೇಲೆ ಅಕ್ಕ ರದಾಮೆಸ್ ಅಂತ ಕೂಗಿದ್ರೆ ತಿರುಗಿ ನೋಡೋಕೇ ನಾಲ್ಕು ತಿಂಗಳು ಬೇಕಾಯ್ತು" ಎನ್ನುತ್ತಾನೆ ನಗುತ್ತಾ. ಅವನ ಅಕ್ಕ ನಗುವುದಿಲ್ಲ.

ಎರಿನ್ಸನ್‌ನ ಫೈಲು ಅವರ ಕೈಗೆ ಬಂದದ್ದು ಕಳೆದ ನವೆಂಬರಿನಲ್ಲಿ. ಎಡಗೈ ಎಸೆತಗಾರ, ಚೆಂಡು ಗಂಟೆಗೆ ತೊಂಬತ್ತೊಂದು ಮೈಲಿ ಹೋಗುತ್ತದೆ. ಒಂದು ಕ್ಲಬ್ಬು ಎರಡು ವರ್ಷದ ಹಿಂದೆಯೇ ಮಾತು ಕೊಟ್ಟಿತ್ತು: ಈ ಜನವರಿಯ ಮಡಕೆಯಿಂದ ಮೂರು ಲಕ್ಷ ಡಾಲರು. ಕಾಗದದ ಪ್ರಕಾರ ಅವನು ಹುಟ್ಟಿದ್ದು ನೋಯೆಲ್ ಬಿರುಗಾಳಿ ಬಂದುಹೋದ ಮುಂದಿನ ಫೆಬ್ರವರಿಯಲ್ಲಿ. ಹದಿನಾರು ತುಂಬಿ ಹನ್ನೊಂದು ತಿಂಗಳಾಗಿರುತ್ತದೆ, ಏನೂ ತೊಂದರೆಯಿಲ್ಲ. ಆದರೆ ನೋಂದಣಿ ತಡವಾಗಿ ಆಗಿತ್ತು. ಹುಡುಗನ ವಯಸ್ಸು ಜಾಸ್ತಿ ಇರಬಹುದು ಎಂದು ಕ್ಲಬ್ಬಿಗೆ ಅನುಮಾನ.

ಅವರು ಹುಡುಗನ ಮನೆಗೆ ಹೋದ ದಿನ ನಾನೂ ಜೊತೆಗಿದ್ದೆ. ತಾಯಿ ನಿಯೂರ್ಕಾ ಮೂವತ್ತೆಂಟರ ಗಟ್ಟಿಮುಟ್ಟು ಹೆಂಗಸು. ಶುಂಠಿ ಕಾಫಿ ತಂದಿಟ್ಟಳು, ಅದು ಹಾಗೇ ಆರಿತು. ಲಿಬ್ರಾದಾ ಕೇಳಿದರು: "ನೋಯೆಲ್ ಬಂದಾಗ ಎಲ್ಲಿದ್ದೆ, ಮಗಳೇ?" ನಿಯೂರ್ಕಾ ಮುಖ ಅರಳಿತು. ಈ ಕತೆಯನ್ನು ಆ ಬೆಟ್ಟದಲ್ಲಿ ಹೇಳದವರಿಲ್ಲ. ಮಟಮಟ ಮಧ್ಯಾಹ್ನ ಹೊಳೆ ಉಕ್ಕಿ ಅಂಗಳಕ್ಕೆ ಬಂದಾಗ, ಗಂಡ ರಾಜಧಾನಿಯಲ್ಲಿದ್ದಾಗ, ಕಾಲು ಮುರಿದುಕೊಂಡು ಮಲಗಿದ್ದ ಅತ್ತೆ ಮಮಾ ಫೆಮಿಯಾ ಅವರನ್ನು ಅವಳು ಬೆನ್ನ ಮೇಲೆ ಹೊತ್ತು ಎದೆಮಟ್ಟದ ನೀರಿನಲ್ಲಿ ದಾಟಿಸಿದಳು. "ನಾನಾಗ ಕಡ್ಡಿ ಥರ ಇದ್ದೆ ದೋನ್ಯಾ. ಊರೋರೆಲ್ಲಾ ಇಬ್ರೂ ಹೋದ್ರು ಅಂದ್ಕೊಂಡ್ರು. ಬಿಡ್ಲಿಲ್ಲ ನಾನು."

ಲಿಬ್ರಾದಾ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಕಾಗದ ನಿಜವಾಗಿದ್ದರೆ ಆ ಮಧ್ಯಾಹ್ನ ನಿಯೂರ್ಕಾ ಐದೂವರೆ ತಿಂಗಳ ಬಸುರಿ, ಕಡ್ಡಿಯಲ್ಲ. ತನ್ನ ಬಾಯಿಂದ ಏನು ಹೊರಬಿತ್ತೆಂದು ಅವಳಿಗೆ ಗೊತ್ತಾದದ್ದು ಆಮೇಲೆ. ಆಗ ಎಲ್ಲವನ್ನೂ ಹೇಳಿದಳು. ಹುಡುಗ ಹುಟ್ಟಿದ್ದು ಕಾಗದದಲ್ಲಿರುವುದಕ್ಕಿಂತ ಒಂದು ವರ್ಷ ತಡವಾಗಿ, ಫೆಬ್ರವರಿ ಒಂಬತ್ತಕ್ಕೆ, ಸೂಲಗಿತ್ತಿಯೂ ಆಗಿದ್ದ ಮಮಾ ಫೆಮಿಯಾ ಕೈಯಲ್ಲೇ. ಅವನಿಗೆ ಐದಾದಾಗ ಇವಳಿಗೆ ಈರುಳ್ಳಿ ಹೊಲದಲ್ಲಿ ಕೆಲಸ ಸಿಕ್ಕಿತು. ಅತ್ತೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು, ಮಗುವನ್ನು ಬಿಟ್ಟುಹೋಗಲು ಯಾರೂ ಇರಲಿಲ್ಲ, ಶಾಲೆಗೆ ಸೇರಿಸಲು ಆರಾಗಿರಬೇಕಿತ್ತು. ಗಂಡ ನೋಂದಣಿ ಕಚೇರಿಗೆ ಹೋಗಿ ಒಂದು ವರ್ಷ ಸೇರಿಸಿ ಬರೆಸಿದ. ಇಡೀ ದೇಶ ವಯಸ್ಸು ಇಳಿಸುವಾಗ ಇವರೊಬ್ಬರು ಏರಿಸಿ ಕೂತಿದ್ದರು, ಒಂದನೇ ಕ್ಲಾಸಿನ ಬೆಂಚಿಗಾಗಿ.

"ಬರೀಬೇಡಿ ದೋನ್ಯಾ" ಎಂದಳು ನಿಯೂರ್ಕಾ. "ಅವನು ಚಿಕ್ಕವನು ಅಂತ ತಾನೇ? ಯಾರಿಗೇನು ಮೋಸ?"

"ಇವತ್ತು ಯಾರಿಗೂ ಇಲ್ಲ. ನಾಳೆ ಗೊತ್ತಾದ್ರೆ ಅವನಿಗೇ. ಆಟ ಆಡ್ಬೇಡ ಅಂತ ಕೂರಿಸ್ತಾರೆ. ಆಗ ನೀನೂ ಇರಲ್ಲ ಜೊತೇಲಿ, ನಾನೂ ಇರಲ್ಲ."

ಬರೆದರು. ಕ್ಲಬ್ಬಿನ ಉತ್ತರ ಮೂರು ಸಾಲು: ಹದಿನೈದರ ಹುಡುಗನಿಂದ ಸಹಿ ಹಾಕಿಸಿಕೊಳ್ಳುವಂತಿಲ್ಲ, ಮುಂದಿನ ವರ್ಷದ ಮಡಕೆ ಆಗಲೇ ಬೇರೆಯವರಿಗೆ ಹೋಗಿದೆ, ಕಾಗದ ಸರಿಯಾಗುವವರೆಗೆ ಮಾತುಕತೆಯಿಲ್ಲ. ಕಚೇರಿಯಾತ ಫೋನಿನಲ್ಲಿ, "ಫೈಲು ಮುಚ್ಚಿ ದೋನ್ಯಾ, ನಿಮ್ಮ ಕೆಲಸ ಮುಗೀತು" ಎಂದ. "ನಿಮ್ದು ಮುಚ್ಕೊಳ್ಳಿ, ನಂದು ತೆರೆದಿರುತ್ತೆ" ಎಂದು ಇವರು ಫೋನಿಟ್ಟರು. ಮಾರನೆಯ ದಿನವೇ ಹುಟ್ಟಿದ ದಿನ ತಿದ್ದುವ ಅರ್ಜಿ ತುಂಬಿ, ನಿಯೂರ್ಕಾ ಗಂಡನ ಸಹಿ ಹಾಕಿಸಿಕೊಂಡು ಬರಲು ರಾಜಧಾನಿಯ ಬಸ್ಸು ಹತ್ತಿದರು. ಇದಕ್ಕೆ ಅವರಿಗೆ ಯಾರೂ ಏನೂ ಕೊಡುವುದಿಲ್ಲ. ಪ್ರತಿ ಗುರುವಾರ ಕಚೇರಿಯ ಸಾಲಿನಲ್ಲಿ ನಿಂತರು, ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಹುಡುಕಿಸಿದರು. ಅದರಲ್ಲಿ ಆ ಪುಟ ಗೆದ್ದಲು ತಿಂದಿತ್ತು. ಉಳಿದದ್ದು ಇಬ್ಬರ ಸಾಕ್ಷಿ: ಹಡೆದವಳು, ಹೆರಿಗೆ ಮಾಡಿಸಿದವರು.

ಹಡೆದವಳು ಬಾಗಿಲು ತೆರೆಯಲಿಲ್ಲ. ಡಿಸೆಂಬರಿನಿಂದ ಈಚೆಗೆ ಲಿಬ್ರಾದಾ ಒಂಬತ್ತು ಸಲ ಬೆಟ್ಟ ಹತ್ತಿದ್ದಾರೆ. "ನನ್ ಮಗನ ತಟ್ಟೆ ಕಿತ್ಕೊಂಡೋಳು ಈಗ ನಮ್ಮನ್ನ ಜೈಲಿಗೆ ಹಾಕ್ಸೋಕೆ ಬಂದಿದಾಳೆ" ಎಂದು ಒಳಗಿನಿಂದ ಕೂಗು. ಇವರು ಹೊರಗೆ ಕಟ್ಟೆಯ ಮೇಲೆ ಕೂತು, ಬಾಗಿಲಿಗೇ ಅರ್ಧ ಗಂಟೆ ವಿವರಿಸಿ, ಇಳಿದು ಬರುತ್ತಿದ್ದರು. ವಿಚಾರಣೆಯ ದಿನವನ್ನೂ ಹಾಗೇ ಬಾಗಿಲಿಗೆ ಹೇಳಿ ಬಂದಿದ್ದರು. ಜನವರಿ ಹದಿನೈದರಂದು ಎರಿನ್ಸನ್‌ನ ಜೊತೆಯವರು ಹೊಸ ಟೋಪಿ ಹಾಕಿಕೊಂಡು ಸಹಿ ಹಾಕಿದರು, ಕೇಕು ಕತ್ತರಿಸಿದರು. ಅವನು ಮೈದಾನದ ಆ ತುದಿಯಲ್ಲಿ ಒಬ್ಬನೇ ಗೋಡೆಗೆ ಚೆಂಡು ಎಸೆಯುತ್ತಿದ್ದ. "ನಂಗಿನ್ನೂ ಹದಿನೈದೇ ಅಂತ ಗೊತ್ತಾದಾಗ ಮೊದ್ಲು ನಗು ಬಂತು" ಎಂದ ನನಗೆ. "ಆಮೇಲೆ ರಾತ್ರಿ ಊಟ ಸೇರ್ಲಿಲ್ಲ. ದೋನ್ಯಾ ಮೇಲೆ ಸಿಟ್ಟಿತ್ತು. ಆದ್ರೆ ನಮ್ ಮನೆ ಬಾಗಿಲಿಗೆ ಬರ್ತಿರೋದು ಅವರೊಬ್ರೇ. ಅಮ್ಮಂಗೂ ಅದನ್ನೇ ಹೇಳ್ದೆ."

ಏಳು ಗಂಟೆಯಾಯಿತು. ಕಳೆದ ವಾರದ ಮಳೆಗೆ ಮೇಲಿನ ದಾರಿ ಕೊಚ್ಚಿಹೋಗಿದೆ, ಹೇಸರಗತ್ತೆಯೂ ಇಳಿಯುವಂತಿಲ್ಲ. ಲಿಬ್ರಾದಾ ಬೂಟಿನ ಅಂಚು ಎಳೆದುಕೊಂಡು ಎದ್ದು ನಿಲ್ಲುತ್ತಾರೆ. ನಾಲ್ಕು ಹೆಜ್ಜೆ ಹತ್ತಿರಬಹುದು.

"ಅಕ್ಕಾ" ಎನ್ನುತ್ತಾನೆ ರದಾಮೆಸ್.

ಕಾಫಿ ಗಿಡಗಳ ನಡುವೆ ನಿಯೂರ್ಕಾ ಬರುತ್ತಿದ್ದಾಳೆ. ಬರಿಗಾಲು, ಸೊಂಟಕ್ಕೆ ಸೆರಗಿನಂತೆ ಬಿಗಿದ ಟವೆಲ್ಲು. ಒಂದೊಂದು ಹೆಜ್ಜೆಯನ್ನೂ ಒತ್ತಿ ನೋಡಿ ಇಡುತ್ತಿದ್ದಾಳೆ. ಬೆನ್ನ ಮೇಲೆ ಭಾನುವಾರದ ಬಿಳಿ ಉಡುಪು ತೊಟ್ಟ ಮಮಾ ಫೆಮಿಯಾ. ಕೆಳಗೆ ಬಂದು ಅತ್ತೆಯನ್ನು ಮೋಟಾರ್‌ಸೈಕಲ್ಲಿನ ಸೀಟಿನ ಮೇಲೆ ಇಳಿಸಿ, ಏದುಸಿರು ಬಿಡುತ್ತಾ ನಿಯೂರ್ಕಾ ಹೇಳಿದ್ದು ಇಷ್ಟು: "ಆವತ್ತಿಗಿಂತ ಭಾರ ಆಗಿದಾರೆ."

"ನೀನು ಮುದುಕಿ ಆಗಿದೀಯ" ಎಂದರು ಮಮಾ ಫೆಮಿಯಾ.

ನ್ಯಾಯಾಲಯದಲ್ಲಿ ನಿಯೂರ್ಕಾ ತಲೆ ತಗ್ಗಿಸದೆ ಎಲ್ಲವನ್ನೂ ಒಪ್ಪಿಕೊಂಡಳು. ನ್ಯಾಯಾಧೀಶೆ ಚಿಕ್ಕ ವಯಸ್ಸಿನವರು. ಮುದುಕಿಯ ಕಡೆ ತಿರುಗಿ, ಇಷ್ಟು ವರ್ಷದ ಮೇಲೆ ನಿಮಗೆ ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ಕೇಳಿದರು.

"ನೂರಾರು ಮಕ್ಕಳನ್ನ ಎಳೆದಿರೋ ಕೈ ಇದು, ಮಗಳೇ" ಎಂದರು ಮಮಾ ಫೆಮಿಯಾ. "ಆವತ್ತು ನೀರಲ್ಲಿ ಒಂದು ಕೈ ಇವಳ ಕುತ್ತಿಗೆಗೆ, ಇನ್ನೊಂದು ಕೈ ಇವಳ ಹೊಟ್ಟೆ ಮೇಲೆ ಇಟ್ಕೊಂಡಿದ್ದೆ. ದಡ ಸಿಗೋವರೆಗೂ ಅಲ್ಲೇ ಇಟ್ಕೊಂಡಿದ್ದೆ. ಅಲ್ಲಿ ಯಾರೂ ಇರ್ಲಿಲ್ಲ. ಇದ್ದಿದ್ರೆ ಇಳಿಸು ಅಂತಿದ್ದೆ, ನಾನು ಮುಳುಗಿದ್ರೂ ಪರ್ವಾಗಿಲ್ಲ ಅಂತಿದ್ದೆ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಒಮ್ಮೆ ತಲೆಯೆತ್ತಿ ನೋಡಿದ, ಆಮೇಲೆ ಬರೆದುಕೊಂಡ. ಹೊಸ ಕಾಗದಕ್ಕೆ ಆಜ್ಞೆಯಾಯಿತು. ಇನ್ನು ಹತ್ತು ದಿನಕ್ಕೆ ಎರಿನ್ಸನ್‌ಗೆ ಹದಿನಾರು, ಎರಡನೆಯ ಸಲ. ಮಾತು ಕೊಟ್ಟಿದ್ದ ಕ್ಲಬ್ಬಿನಿಂದ ಸುದ್ದಿಯಿಲ್ಲ. ಮುಂದಿನ ಜನವರಿಗೆ ಯಾರ ಮಡಕೆಯಲ್ಲಿ ಎಷ್ಟು ಉಳಿದಿರುತ್ತದೋ, ಬರೀ ಹತ್ತು ಸಾವಿರವೇ ಗತಿಯೋ, ಯಾರಿಗೂ ಗೊತ್ತಿಲ್ಲ. ನಿಮ್ಮ ಆಸೆಯೇನು ಎಂದು ನಾನು ಮೆಟ್ಟಿಲ ಮೇಲೆ ಲಿಬ್ರಾದಾ ಅವರನ್ನು ಕೇಳಿದೆ.

"ಎಷ್ಟಾದ್ರೂ ಕೊಡ್ಲಿ. ಸಹಿ ಹಾಕೋವಾಗ ಹೆಸರೂ ಅವನದೇ ಇರ್ಲಿ, ತಾರೀಖೂ ಅವನದೇ ಇರ್ಲಿ." ರದಾಮೆಸ್ ಮುಖ ತಿರುಗಿಸಿ ಮೋಟಾರ್‌ಸೈಕಲ್ಲಿನ ಕನ್ನಡಿ ಒರೆಸತೊಡಗಿದ, ಆಗಲೇ ಎರಡು ಸಲ ಒರೆಸಿದ್ದ ಕನ್ನಡಿಯನ್ನು.

ಬೀದಿಯಲ್ಲಿ ಥರ್ಮಾಸ್ ಇಟ್ಟುಕೊಂಡು ಮಾರುವವನ ಹತ್ತಿರ ಹೋಗಿದ್ದ ನಿಯೂರ್ಕಾ ವಾಪಸ್ ಬಂದಳು. ಕೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಲೋಟ, ಶುಂಠಿಯ ಘಮ. ಲಿಬ್ರಾದಾ ಅವರ ಮುಂದೆ ಹಿಡಿದು ನಿಂತಳು.

ಲಿಬ್ರಾದಾ ಮೊದಲು ನೋಟ್‌ಬುಕ್ಕು ತೆರೆದು ಆರುನೂರ ಹದಿನೇಳನೆಯ ಫೈಲಿನ ಕೆಳಗೆ ಅಂದಿನ ತಾರೀಖು ಬರೆದರು. ಗೆರೆ ಎಳೆದರು. ಆಮೇಲೆ ಲೋಟ ತೆಗೆದುಕೊಂಡು, ನಿಂತಲ್ಲೇ ತಳದವರೆಗೆ ಕುಡಿದು, ಖಾಲಿ ಲೋಟವನ್ನು ನಿಯೂರ್ಕಾ ಕೈಗೆ ಕೊಟ್ಟರು.

"ಇನ್ನೊಂದು ಸ್ವಲ್ಪ ಹಾಕ್ಸು, ಮಗಳೇ."