ತೊಟ್ಟಿಯ ಕಾಲಿಗೆ ಉಪ್ಪುನೀರು

ಮಧ್ಯಾಹ್ನವೆಂದರೆ ವಿನೋದಾಳಿಗೆ ಬೇರೆಯೇ ಲೋಕ. ಗಂಡ ರಮಾಕಾಂತ ಹೋಟೆಲಿನ ಗಲ್ಲಾದಲ್ಲಿರುತ್ತಿದ್ದ. ಠಾಣೆ ಪಟ್ಟಣದ ವರ್ತಕ ನಗರದ ಆ ಮೂರನೇ ಮಾಳಿಗೆಯ ಮನೆಯಲ್ಲಿ ಅವಳು ಚಾಪೆ ಹಾಸಿ ಗಾಜಿನ ತೊಟ್ಟಿಯೆದುರು ಒರಗುತ್ತಿದ್ದಳು. ನೀರಿನ ಬೆಳಕು ಚಾವಣಿಯ ಮೇಲೆ ತೇಲುತ್ತಿತ್ತು. ಕಿತ್ತಳೆ ಬಣ್ಣದ ಮೀನೊಂದು ಬಾಲ ಬೀಸುತ್ತ ಹೋಗಿ ಬಂದು ಮಾಡುತ್ತಿತ್ತು. ತನ್ನ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಎಂಬುದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಎರಡು ಸಲ ಬಸುರಾಗಿ ಎರಡು ಸಲವೂ ನಿಲ್ಲದೆ ಹೋದ ಮೇಲೆ ಆ ಮನೆಯಲ್ಲಿ ಬಂದು ನಿಂತ ಜೀವವೆಂದರೆ ಅದೊಂದೇ. ಆರು ವರ್ಷದಿಂದ ಬದುಕಿಕೊಂಡಿತ್ತು. ಅದನ್ನು ಬರೀ ಮೀನು ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

೨೦೧೧ರ ಮಳೆಗಾಲದಲ್ಲಿ ತೊಟ್ಟಿ ಹೊತ್ತ ಕಬ್ಬಿಣದ ಸ್ಟ್ಯಾಂಡು ತುಕ್ಕು ಉದುರಿಸತೊಡಗಿತು. ಠಾಣೆಯ ಮಳೆಯಲ್ಲಿ ಒಣಹಾಕಿದ ಲಂಗವೇ ವಾರಗಟ್ಟಲೆ ಒದ್ದೆ, ಇನ್ನು ಕಬ್ಬಿಣದ ಪಾಡೇನು ಕೇಳುತ್ತೀರಿ! ಬಣ್ಣ ಬಳಿದಳು, ಎಣ್ಣೆ ಸವರಿದಳು. ಆದರೂ ಒಂದು ಬೆಳಿಗ್ಗೆ ನೋಡಿದರೆ ಸ್ಟ್ಯಾಂಡಿನ ಕಾಲೊಂದು ಕುಗ್ಗಿ, ತೊಟ್ಟಿಯೊಳಗೆ ನೀರು ಓರೆಯಾಗಿ ನಿಂತಿತ್ತು.

"ಇದನ್ನು ಯಾರಿಗಾದ್ರೂ ಕೊಟ್ಟುಬಿಡುವ ಮಾರಾಯ್ತಿ," ಎಂದ ರಮಾಕಾಂತ. "ಕಾಲು ಮುರಿದ್ರೆ ಅಷ್ಟೂ ನೀರು ಕೆಳಗಿನ ಫ್ಲ್ಯಾಟಿಗೆ. ಸೊಸೈಟಿಯವರು ನಮ್ಮನ್ನು ಬಿಡುದಿಲ್ಲ."

"ವೆಲ್ಡರ್ ಒಮ್ಮೆ ನೋಡ್ಲಿ. ಅವ ಆಗುದಿಲ್ಲ ಅಂದ್ರೆ ಕೊಡುವ," ಎಂದು ಅವಳು ಗೋಗರೆದಳು.

ರಮಾಕಾಂತನ ರಜೆಯ ದಿನ ಕೋಪರಿಯಿಂದ ವೆಲ್ಡರ್ ಮಾಪಣ್ಣ ಬಂದ. ಗುಲಬರ್ಗಾ ಕಡೆಯವನು, ಮಾತಿಗಿಂತ ಕೆಲಸ ಜಾಸ್ತಿ. ಮೀನನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿ ಬರಿದು ಮಾಡಿ, ಸ್ಟ್ಯಾಂಡನ್ನು ನೆಲಕ್ಕೆ ಮಲಗಿಸಿದರು. ರಮಾಕಾಂತ ಚಹಾ ತರಲು ಒಳಗೆ ಹೋದ. ಮಾಪಣ್ಣ ಸ್ಟ್ಯಾಂಡಿನ ಕಾಲನ್ನು ಉಗುರಿನಿಂದ ಕೆರೆದು, ಬೆರಳನ್ನು ನಾಲಿಗೆಗೆ ತಾಗಿಸಿದ.

"ಹವಾಕ್ಕ ತುಕ್ಕು ಹಿಡದ್ರ ಎಲ್ಲಾ ಕಡೆ ಹಿಡೀತದರಿ. ಇದು ಬರೇ ಕಾಲು ತಿಂದದ. ಅಕ್ಕಾರ, ನೆಲಾ ಒರಸೂ ನೀರಿಗಿ ಉಪ್ಪು ಹಾಕ್ತೀರೇನ್ರಿ?"

ವಿನೋದಾಳ ಮುಖ ಬಿಳಿಚಿಕೊಂಡಿತು. ಶುಕ್ರವಾರ ಕಲ್ಲುಪ್ಪಿನ ನೀರಿನಿಂದ ನೆಲ ಒರೆಸಿದರೆ ಮನೆಗೆ ದೃಷ್ಟಿ ತಾಗುವುದಿಲ್ಲವೆಂದು ಉಡುಪಿಯಲ್ಲಿ ಅಮ್ಮ ಕಲಿಸಿದ್ದಳು. ಪಕ್ಕದ ಮನೆಯಾಕೆ ಮೀನನ್ನು ನೋಡಿ "ಎಷ್ಟು ಚಂದ" ಅಂದದ್ದೇ ತಡ, ಇವಳು ತೊಟ್ಟಿಯ ಕೆಳಗಿನ ನೆಲವನ್ನು ದಿನವೂ ಉಪ್ಪುನೀರಲ್ಲಿ ಒರೆಸತೊಡಗಿದಳು. ತುಕ್ಕು ಕಂಡಾಗ ಅದೂ ದೃಷ್ಟಿಯೇ ಎಂದುಕೊಂಡು, ಒಂದು ಹಿಡಿ ಉಪ್ಪನ್ನು ಎರಡು ಹಿಡಿ ಮಾಡಿದಳು. ಪಾಪದ ಹೆಂಗಸು, ಕಾಯಲು ಹೋಗಿ ಕಾಲನ್ನೇ ತುಕ್ಕಿಗೆ ತಿನ್ನಿಸಿದ್ದಳು.

ರಮಾಕಾಂತ ಚಹಾ ಹಿಡಿದು ಬಂದ. "ಎಂತ ಆದದ್ದು ಇದಕ್ಕೆ?"

ಮಾಪಣ್ಣ ಅವಳ ಮುಖ ನೋಡಿದ. "ಏನಿಲ್ರಿ ಸಾಹೇಬ್ರ, ಮಳಿ ಹವಾ."

ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಿಜ ಹೇಳಿದರೆ ಗಂಡ ಸಿಟ್ಟಿನಲ್ಲಿ ತೊಟ್ಟಿಯನ್ನು ಅಂದೇ ಸಾಗಹಾಕಿಯಾನು ಎಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿಂದ ಮಾತು ಬಂದೇಬಿಟ್ಟಿತು.

"ಮಳೆ ಅಲ್ಲ, ನಾನು. ದಿನಾ ಉಪ್ಪುನೀರಲ್ಲಿ ಒರೆಸ್ತಿದ್ದೆ. ಇದೂ ಹೋದ್ರೆ ಅಂತ ಹೆದರಿಕೆ ನಂಗೆ."

ಹೋದ ಎರಡು ಜೀವಗಳ ಮಾತನ್ನು ಗಂಡ ಹೆಂಡತಿ ವರ್ಷಗಳಿಂದ ಎತ್ತಿರಲಿಲ್ಲ. ರಮಾಕಾಂತ ಚಹಾದ ಲೋಟ ಕೆಳಗಿಟ್ಟು ಬಕೆಟ್ಟಿನ ಬಳಿ ಕುಕ್ಕರಗಾಲಿನಲ್ಲಿ ಕೂತ. ಮೀನು ಬಾಯಿ ತೆರೆದು ಮುಚ್ಚಿ ಮಾಡುವುದನ್ನು ನೋಡಿದ.

"ಹೊಸ ಕಾಲು ಹಾಕು ಮಾಪಣ್ಣ," ಎಂದ. ಆಮೇಲೆ ಅವಳತ್ತ ತಿರುಗದೆಯೇ ಹೇಳಿದ: "ಅಲ್ಲಿ ಇನ್ನು ನಾನೇ ಒರೆಸ್ತೇನೆ. ನೀನು ಒಬ್ಬಳೇ ಹೆದರಿದ್ದು ಸಾಕು."